ಅಕ್ಷರ ವಿಚಾರ: ಬೋಲ್ಡ್ ಇಟಾಲಿಕ್ ಕುರಿತು ಓದುಗರ ಪ್ರಶ್ನೆಗಳು

ಈ ಸಂಚಿಕೆಯ ಪತ್ರಗಳೆಲ್ಲ ಸೆರಿಫ್ ಫಾಂಟ್‌ಗಳ ಬೋಲ್ಡ್ ಇಟಾಲಿಕ್ ರೂಪಕ್ಕೆ, ಅಂದರೆ ದಪ್ಪವಾಗಿಯೂ ಬಲಕ್ಕೆ ವಾಲಿಯೂ ಇರುವ ಅಕ್ಷರಕ್ಕೆ ಸಂಬಂಧಿಸಿದವು. ಸೆರಿಫ್ ಅಂದರೆ ಇಂಗ್ಲಿಷ್ ಅಕ್ಷರದ ಗೆರೆಗಳ ತುದಿಯಲ್ಲಿ ಕಾಣುವ ಪುಟ್ಟ ಪಾದ. ಟೈಮ್ಸ್ ನ್ಯೂ ರೋಮನ್, ಜಾರ್ಜಿಯಾ, ಗ್ಯಾರಮಂಡ್ ಎಲ್ಲವೂ ಈ ಜಾತಿಯವು. ಕೇಳಿದವರೆಲ್ಲ ಬೆಂಗಳೂರಿನವರೇ. ತೊಂದರೆ ಬೇರೆ ಬೇರೆಯಾಗಿ ಕಂಡರೂ ಹೆಚ್ಚಿನವುಗಳ ಬೇರು ಒಂದೇ: ಬೋಲ್ಡ್ ಇಟಾಲಿಕ್ ಎಂಬುದು ಪ್ರತ್ಯೇಕವಾಗಿ ಬಿಡಿಸಬೇಕಾದ ಅಕ್ಷರಮಾಲೆ. ಎರಡು ಬಟನ್ ಒತ್ತಿದ ಮಾತ್ರಕ್ಕೆ ಅದು ಹುಟ್ಟುವುದಿಲ್ಲ.

ಕನ್ನಡ ಪುಸ್ತಕಗಳ ಪುಟ ಕಟ್ಟುವ ಕೆಲಸ ನನ್ನದು. ಉಪಶೀರ್ಷಿಕೆಗೆ ‘ಬಿ’ ಮತ್ತು ‘ಐ’ ಎರಡೂ ಒತ್ತಿದರೆ ಇಂಗ್ಲಿಷ್ ಪದ ಚೆನ್ನಾಗಿ ಬರುತ್ತದೆ. ಕನ್ನಡದಲ್ಲಿ ಮಾತ್ರ ಒತ್ತಕ್ಷರ ಮೆತ್ತಿಕೊಳ್ಳುತ್ತದೆ, ಗುಡಿಸು ಪಕ್ಕದ ಕಂಸಕ್ಕೆ ತಾಗುತ್ತದೆ. ಫಾಂಟ್ ಕೆಟ್ಟಿದೆಯೇ ಸರ್?
ಡಿಟಿಪಿ ಆಪರೇಟರ್, ಚಾಮರಾಜಪೇಟೆ

ಫಾಂಟ್ ಕೆಟ್ಟಿಲ್ಲ, ಅದರಲ್ಲಿ ಬೋಲ್ಡ್ ಇಟಾಲಿಕ್ ಇಲ್ಲ ಅಷ್ಟೆ. ವಿಂಡೋಸ್‌ನ ಫಾಂಟ್ಸ್ ಫೋಲ್ಡರ್ ತೆರೆದು ಟೈಮ್ಸ್ ನ್ಯೂ ರೋಮನ್ ಮೇಲೆ ಕ್ಲಿಕ್ ಮಾಡಿ. ರೆಗ್ಯುಲರ್, ಇಟಾಲಿಕ್, ಬೋಲ್ಡ್, ಬೋಲ್ಡ್ ಇಟಾಲಿಕ್ ಎಂದು ನಾಲ್ಕು ಫೈಲ್ ಕಾಣುತ್ತವೆ. ನೀವು ಎರಡೂ ಬಟನ್ ಒತ್ತಿದಾಗ ತಂತ್ರಾಂಶ ನಾಲ್ಕನೆಯ ಫೈಲನ್ನು ತೆಗೆದುಕೊಳ್ಳುತ್ತದೆ. ಕನ್ನಡದಲ್ಲಿ ನೋಟೊ ಸೆರಿಫ್ ಕನ್ನಡ ಫಾಂಟ್‌ಗೆ ತೆಳುವಿನಿಂದ ಅತಿ ದಪ್ಪದವರೆಗೆ ಒಂಬತ್ತು ತೂಕಗಳಿವೆ, ಇಟಾಲಿಕ್ ಒಂದೂ ಇಲ್ಲ. ಟಿರೋ ಕನ್ನಡದಲ್ಲಿ ರೆಗ್ಯುಲರ್ ಮತ್ತು ಇಟಾಲಿಕ್ ಇವೆ, ಬೋಲ್ಡ್ ಇಲ್ಲ. ಫೈಲ್ ಸಿಗದಿದ್ದಾಗ ವರ್ಡ್‌ನಂಥ ತಂತ್ರಾಂಶಗಳು ತಾವೇ ಅಂಚಿನ ಸುತ್ತ ಮಸಿ ತುಂಬಿ ದಪ್ಪ ಮಾಡುತ್ತವೆ, ಆಮೇಲೆ ಇಡೀ ಆಕಾರವನ್ನು ಬಲಕ್ಕೆ ಓರೆ ಮಾಡುತ್ತವೆ.

ಮೆತ್ತಿಕೊಳ್ಳುವುದು ಆ ಮೊದಲ ಹಂತದಲ್ಲಿ. ‘ಷ’ದ ಹೊಟ್ಟೆಯೊಳಗಿನ ಸೀಳನ್ನು ನೋಡಿ, ಅಥವಾ ‘ಕ್ಷ್ಮ’ದಲ್ಲಿ ಮೇಲಿನ ಅಕ್ಷರಕ್ಕೂ ಒತ್ತಿಗೂ ನಡುವಿನ ಸಂದನ್ನು ನೋಡಿ. ಬೋಲ್ಡ್ ಬಿಡಿಸುವವರು ಇಂಥ ಕಡೆ ಗೆರೆಯನ್ನು ಬೇಕೆಂದೇ ಸಣ್ಣ ಮಾಡಿ ಬಿಳಿ ಜಾಗ ಉಳಿಸುತ್ತಾರೆ. ತಂತ್ರಾಂಶಕ್ಕೆ ಆ ವಿವೇಚನೆ ಇಲ್ಲ. ಎಲ್ಲ ಕಡೆಯೂ ಒಂದೇ ಸಮ ತುಂಬುತ್ತದೆ, ಸಂದು ಮುಚ್ಚಿಹೋಗುತ್ತದೆ.

ಕಂಸಕ್ಕೆ ತಾಗುವುದು ಎರಡನೆಯ ಹಂತದ ಫಲ. ಓರೆ ಮಾಡುವಾಗ ಅಕ್ಷರ ಕೂರುವ ಗೆರೆ ಅಲ್ಲಾಡದೆ ನಿಲ್ಲುತ್ತದೆ, ಮೇಲಿನ ಭಾಗ ಬಲಕ್ಕೂ ಕೆಳಗಿನ ಭಾಗ ಎಡಕ್ಕೂ ಜರುಗುತ್ತದೆ. ಓರೆ 12 ಡಿಗ್ರಿ ಇದ್ದರೆ ಪ್ರತಿ 100 ಯೂನಿಟ್ (ಫಾಂಟ್ ಒಳಗಿನ ಅಳತೆ, ಅಕ್ಷರದ ಗಾತ್ರವನ್ನು ಸಾಮಾನ್ಯವಾಗಿ 1000 ಯೂನಿಟ್ ಎಂದು ಭಾಗಿಸುತ್ತಾರೆ) ಎತ್ತರಕ್ಕೆ 21 ಯೂನಿಟ್ ಜರುಗಾಟ. 1000 ಯೂನಿಟ್‌ನ ಫಾಂಟ್‌ನಲ್ಲಿ 750 ಎತ್ತರದ ಗುಡಿಸು ಸುಮಾರು 160 ಯೂನಿಟ್ ಬಲಕ್ಕೆ ಹೋಗುತ್ತದೆ, 400 ಆಳದ ಒತ್ತು 85 ಯೂನಿಟ್ ಎಡಕ್ಕೆ ಬರುತ್ತದೆ. ಒಂದೇ ಸಾಲಿನ ವಾಲಿದ ಅಕ್ಷರಗಳೆಲ್ಲ ಜೊತೆಯಾಗಿ ಜರುಗುವುದರಿಂದ ಅವುಗಳ ನಡುವೆ ಡಿಕ್ಕಿ ಆಗದು. ಡಿಕ್ಕಿ ಆಗುವುದು ವಾಲಿದ ಪದ ಮುಗಿದು ನೇರ ಕಂಸ, ನೇರ ಪದ ಶುರುವಾಗುವ ಕಡೆ. ಸಾಲಿನ ಮೊದಲ ಅಕ್ಷರಕ್ಕೆ ಒತ್ತಿದ್ದರೆ ಅದು ಎಡ ಮಾರ್ಜಿನ್‌ನಿಂದ ಹೊರಗೆ ಇಣುಕುತ್ತದೆ.

ಪರಿಹಾರ: ಉಪಶೀರ್ಷಿಕೆಗೆ ನಿಜವಾದ ಬೋಲ್ಡ್ ಫೈಲನ್ನೇ ಆರಿಸಿ ನೇರವಾಗಿಯೇ ಬಿಡಿ. ಇನ್ನೂ ಬೇರೆಯಾಗಿ ಕಾಣಬೇಕಿದ್ದರೆ ಗಾತ್ರ 2 ಪಾಯಿಂಟ್ ಏರಿಸಿ ಅಥವಾ ಬಣ್ಣ ಬದಲಿಸಿ. ಲೇಖಕರು ಓರೆ ಬೇಕೇ ಬೇಕು ಎಂದು ಹಟ ಹಿಡಿದರೆ ಇನ್‌ಡಿಸೈನ್‌ನ ಕ್ಯಾರೆಕ್ಟರ್ ಪ್ಯಾನೆಲ್‌ನಲ್ಲಿ ನಿಜ ಬೋಲ್ಡ್‌ಗೆ 6ರಿಂದ 8 ಡಿಗ್ರಿ ಸ್ಕ್ಯೂ (ಓರೆ) ಕೊಡಿ, ಅದಕ್ಕಿಂತ ಹೆಚ್ಚು ಬೇಡ. ನೇರ ಮತ್ತು ಓರೆ ಸೇರುವ ಎರಡೂ ತುದಿಗೆ ಥಿನ್ ಸ್ಪೇಸ್ (ಕಿರಿದಾದ ಖಾಲಿ ಜಾಗ) ಹಾಕಿ, ಕಂಸವನ್ನೂ ಅದೇ ಓರೆಗೆ ತನ್ನಿ. 16 ಪಾಯಿಂಟ್ ಅಕ್ಷರಕ್ಕೆ ಲೀಡಿಂಗ್ (ಸಾಲಿನಿಂದ ಸಾಲಿಗೆ ಅಂತರ) 24 ಪಾಯಿಂಟ್ ಇರಲಿ. ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿನ ಮೇಲೆ ಬಂದು ಕೂರುತ್ತದೆ.

ಪ್ರೆಸ್‌ಗೆ ಕಳಿಸುವ ಮುಂಚೆ ಪಿಡಿಎಫ್ ತೆರೆದು ಪ್ರಾಪರ್ಟೀಸ್‌ನ ಫಾಂಟ್ಸ್ ಪಟ್ಟಿ ನೋಡಿ. ಬೋಲ್ಡ್ ಇಟಾಲಿಕ್ ಬಳಸಿದ್ದೀರಿ ಅಂದುಕೊಂಡಿದ್ದು ಆ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ನಿಮ್ಮದು ನಕಲಿ ಓರೆ.

ಬೋಲ್ಡ್ ಇಟಾಲಿಕ್ ಮೊದಲಿನಿಂದಲೂ ಇತ್ತೇ?
ನಿವೃತ್ತ ಶಿಕ್ಷಕರು, ಮಲ್ಲೇಶ್ವರ

ಇರಲಿಲ್ಲ. ವೆನಿಸ್‌ನ ಮುದ್ರಕ ಆಲ್ಡಸ್ ಮನುಟಿಯಸ್ 1501ರಲ್ಲಿ ವರ್ಜಿಲ್ ಕವಿಯ ಕೃತಿಯನ್ನು ಪೂರ್ತಿ ಇಟಾಲಿಕ್‌ನಲ್ಲಿ ಅಚ್ಚು ಹಾಕಿದರು. ಮೊಳೆ ಕೆತ್ತಿದವರು ಫ್ರಾನ್ಸೆಸ್ಕೊ ಗ್ರಿಫೊ. ಆಗ ಇಟಾಲಿಕ್ ಒಂದು ಸ್ವತಂತ್ರ ಅಕ್ಷರ, ನೇರ ಅಕ್ಷರದ ಜೊತೆಗಾರ ಅಲ್ಲ. ಅದರ ದೊಡ್ಡಕ್ಷರಗಳು ನೇರವಾಗಿಯೇ ಇದ್ದವು. ದಪ್ಪ ಅಕ್ಷರ ಬಂದದ್ದು 19ನೇ ಶತಮಾನದಲ್ಲಿ, ಜಾಹೀರಾತಿನ ಹಾವಳಿಯೊಂದಿಗೆ. 1845ರಲ್ಲಿ ಲಂಡನ್‌ನ ರಾಬರ್ಟ್ ಬೆಸ್ಲಿ ಅವರ ಫೌಂಡ್ರಿ (ಅಚ್ಚುಮೊಳೆ ಎರಕ ಹೊಯ್ಯುವ ಕಾರ್ಖಾನೆ) ಹೊರತಂದ ಕ್ಲಾರೆಂಡನ್, ಪಠ್ಯದ ನಡುವೆ ಪದವನ್ನು ಎತ್ತಿ ತೋರಿಸಲು ಬಳಕೆಯಾದ ಹೆಸರಾಂತ ದಪ್ಪ ಅಕ್ಷರ. ಒಂದೇ ಕುಟುಂಬದಲ್ಲಿ ನೇರ, ಓರೆ, ದಪ್ಪ, ದಪ್ಪ ಓರೆ ಎಲ್ಲ ಇರಬೇಕೆಂಬ ರೂಢಿ ಬಲವಾದದ್ದು 20ನೇ ಶತಮಾನದಲ್ಲಿ. ಹಾಗಾಗಿ ಗ್ಯಾರಮಂಡ್ ಹೆಸರಿನ ಇಂದಿನ ಫಾಂಟ್‌ಗಳಲ್ಲಿ ಕಾಣುವ ಬೋಲ್ಡ್ ಇಟಾಲಿಕ್‌ಗೆ 16ನೇ ಶತಮಾನದ ಮೂಲ ಇಲ್ಲ. ಅದು ನಮ್ಮ ಕಾಲದ ವಿನ್ಯಾಸಕಾರರು ಊಹಿಸಿ ಬಿಡಿಸಿದ್ದು.

ಇಂಗ್ಲಿಷ್ ಸೆರಿಫ್ ಫಾಂಟ್ ಒಂದನ್ನು ಬಿಡಿಸುತ್ತಿದ್ದೇನೆ. ರೆಗ್ಯುಲರ್ ಮುಗಿದಿದೆ. ಬೋಲ್ಡ್ ಇಟಾಲಿಕ್‌ಗೆ ಎಲ್ಲಿಂದ ಶುರು ಮಾಡಲಿ? ಬೋಲ್ಡ್ ಅನ್ನು ಓರೆ ಮಾಡಿ ತಿದ್ದಿದರೆ ಸಾಕೇ?
ಚಿತ್ರಕಲಾ ವಿದ್ಯಾರ್ಥಿನಿ, ಜಯನಗರ

ಸಾಲದಮ್ಮ. ದೊಡ್ಡಕ್ಷರಗಳಿಗೆ ಆ ದಾರಿ ನಡೆಯುತ್ತದೆ. ಸಣ್ಣಕ್ಷರಗಳಿಗೆ ನಡೆಯದು, ಅವುಗಳ ಮೈಕಟ್ಟೇ ಬೇರೆ. ನೇರ ‘ಎ’ ಅಕ್ಷರಕ್ಕೆ ಎರಡು ಅಂತಸ್ತು, ಇಟಾಲಿಕ್‌ನಲ್ಲಿ ಒಂದೇ. ‘ಎಫ್’ ಸಾಮಾನ್ಯವಾಗಿ ಗೆರೆಯಿಂದ ಕೆಳಗೆ ಇಳಿಯುತ್ತದೆ. ‘ಎನ್’ನ ಕಮಾನು ಕಂಬದ (ನಿಂತ ದಪ್ಪ ಗೆರೆಯ) ತುದಿಯಿಂದ ಹೊರಡದೆ, ಕೆಳಗಿನಿಂದಲೇ ಕವಲೊಡೆದು ಮೇಲೇರುತ್ತದೆ. ಅಡಿಪಾಯದಂಥ ಸೆರಿಫ್ ಹೋಗಿ ಪೆನ್ನು ಕಾಗದಕ್ಕೆ ಇಳಿಯುವ, ಏಳುವ ಗೆರೆಗಳು ಬರುತ್ತವೆ. ಆದ್ದರಿಂದ ಮೊದಲು ಸಾಧಾರಣ ತೂಕದ ಇಟಾಲಿಕ್ ಮುಗಿಸಿ. ಅದರಿಂದ ಬೋಲ್ಡ್ ಇಟಾಲಿಕ್‌ಗೆ ಹೋಗಿ.

ಶುರುವಿಗೆ ಸಣ್ಣಕ್ಷರ ‘ಎನ್’, ‘ಓ’, ‘ಎ’, ‘ಇ’, ‘ಎಸ್’, ‘ಜಿ’ ಮತ್ತು ದೊಡ್ಡಕ್ಷರ ‘ಎಚ್’, ‘ಓ’ ಸಾಕು. ಇವು ಸರಿಯಾಗಿ ಕೂರುವ ತನಕ ಉಳಿದವನ್ನು ಮುಟ್ಟಬೇಡಿ. ಅಂದಾಜಿಗೆ ಕೆಲವು ಅಳತೆಗಳು: 1000 ಯೂನಿಟ್‌ಗೆ ರೆಗ್ಯುಲರ್‌ನ ಕಂಬ 85 ಇದ್ದರೆ ಬೋಲ್ಡ್ 140, ಬೋಲ್ಡ್ ಇಟಾಲಿಕ್ 130ರ ಆಸುಪಾಸು. ಇಟಾಲಿಕ್ ಅಕ್ಷರ ಅಗಲದಲ್ಲಿ ಕಿರಿದು, ಒಳಗಿನ ಬಿಳಿ ಜಾಗವೂ ಕಡಿಮೆ. ಅದಕ್ಕೂ 140 ಕೊಟ್ಟರೆ ಪುಟದಲ್ಲಿ ಬೋಲ್ಡ್‌ಗಿಂತ ಕಪ್ಪಾಗಿ ಕಾಣುತ್ತದೆ. ತೂಕವೆಲ್ಲ ದಪ್ಪ ಗೆರೆಗೇ ಹೋಗಲಿ. ತೆಳು ಗೆರೆ 30 ಇದ್ದದ್ದು 40–45ಕ್ಕೆ ನಿಲ್ಲಲಿ. ಎತ್ತರ ಹೆಚ್ಚು ಏರಿಸಲು ಜಾಗವಿಲ್ಲದ ಕಾರಣ ತೆಳು ಗೆರೆಯೂ ಉಬ್ಬಿದರೆ ‘ಇ’ಯ ಕಣ್ಣು ಮುಚ್ಚಿಕೊಳ್ಳುತ್ತದೆ. ಸಣ್ಣಕ್ಷರದ ಎತ್ತರವನ್ನು 10–15 ಯೂನಿಟ್ ಏರಿಸಿದರೆ ಸ್ವಲ್ಪ ಉಸಿರಾಡಲು ಜಾಗ ಸಿಗುತ್ತದೆ.

ಓರೆ 10ರಿಂದ 14 ಡಿಗ್ರಿ ಒಳಗೆ ಇರಲಿ. ಓರೆ ಮಾಡುವಾಗ ಸಣ್ಣಕ್ಷರದ ಅರ್ಧ ಎತ್ತರವನ್ನು ತಿರುಗು ಬಿಂದುವಾಗಿ ಇಡಿ. ಕೆಳಗೆರೆಯಿಂದ ಓರೆ ಮಾಡಿದರೆ ಪ್ರತಿ ಅಕ್ಷರವೂ ತನ್ನ ಚೌಕಟ್ಟಿನಲ್ಲಿ ಬಲಕ್ಕೆ ಸರಿದು ಕೂರುತ್ತದೆ, ಎರಡೂ ಬದಿಯ ಅಂತರ ಲೆಕ್ಕ ತಪ್ಪುತ್ತದೆ.

ಈಗ ದೊಡ್ಡ ‘ಓ’ ಒಂದನ್ನು ಓರೆ ಮಾಡಿ ಹತ್ತಿರದಿಂದ ನೋಡಿ. ಬಲ ಮೇಲಿನ ಮೂಲೆ ಮತ್ತು ಎಡ ಕೆಳಗಿನ ಮೂಲೆಯಲ್ಲಿ ಗೆರೆ ಉಬ್ಬಿರುತ್ತದೆ, ಬಾಗು ಚೂಪಾಗಿರುತ್ತದೆ. ಉಳಿದ ಎರಡು ಮೂಲೆಗಳಲ್ಲಿ ಗೆರೆ ಸವೆದು ಚಪ್ಪಟೆಯಾಗಿರುತ್ತದೆ. ಓರೆ ಎಂಬುದು ಒಂದು ಕರ್ಣದ ದಿಕ್ಕಿನಲ್ಲಿ ಹಿಗ್ಗಿಸಿ ಇನ್ನೊಂದು ಕರ್ಣದಲ್ಲಿ ಕುಗ್ಗಿಸುವ ಕ್ರಿಯೆ, ಅದಕ್ಕೇ ಹೀಗೆ. ತೆಳು ಅಕ್ಷರದಲ್ಲಿ ಇದು ಕಣ್ಣಿಗೆ ಬೀಳದೆ ಹೋಗಬಹುದು. ಬೋಲ್ಡ್‌ನಲ್ಲಿ ಅಡಗಿಸಲಾಗದು. ಉಬ್ಬನ್ನು ಕೆತ್ತಿ, ಸವೆದದ್ದನ್ನು ತುಂಬಿ, ಬಾಗಿನ ಅಂಚುಬಿಂದುಗಳನ್ನು ಮತ್ತೆ ಹಾಕಿ. ಕಂಬವೂ ತೆಳುವಾಗುತ್ತದೆ, ಆದರೆ 12 ಡಿಗ್ರಿಗೆ ಶೇ. 2ರಷ್ಟು ಮಾತ್ರ.

ಕಮಾನು ಕಂಬಕ್ಕೆ ಸೇರುವ ಸಂದು ಬೋಲ್ಡ್ ಇಟಾಲಿಕ್‌ನ ಅತಿ ಕಷ್ಟದ ಜಾಗ. ಅಲ್ಲಿ ಕವಲು ಆಳದಿಂದ ಹೊರಡುವುದರಿಂದ ಉದ್ದಕ್ಕೂ ಒಂದು ಚೂಪು ಮೂಲೆ ಉಂಟಾಗಿ ಮಸಿ ತುಂಬಿಕೊಳ್ಳುತ್ತದೆ. ಕವಲಿನ ಗೆರೆಯನ್ನು ಬುಡದಲ್ಲಿ ಸಣ್ಣ ಮಾಡಿ, ಮೂಲೆಯನ್ನು ಕಂಬದೊಳಕ್ಕೆ ತುಸು ಕೊರೆಯಿರಿ. ಪರದೆಯ ಮೇಲೆ ಇದು ವಿಕಾರವಾಗಿ ಕಾಣಬಹುದು. 9 ಪಾಯಿಂಟ್‌ನಲ್ಲಿ ಅಚ್ಚಾದಾಗ ಅದೇ ಅಕ್ಷರವನ್ನು ಉಳಿಸುತ್ತದೆ. ಲೇಸರ್ ಪ್ರಿಂಟ್ ತೆಗೆದು 8, 10, 14, 36 ಪಾಯಿಂಟ್ ನಾಲ್ಕರಲ್ಲೂ ನೋಡಿ. ಆಮೇಲೆ ಹಾಳೆ ತಲೆಕೆಳಗು ಮಾಡಿ. ಓದುವ ಅಭ್ಯಾಸ ತಪ್ಪಿದ ಕೂಡಲೇ ಕಪ್ಪು ಕಲೆಗಳು ತಾವಾಗಿಯೇ ಎದ್ದು ಕಾಣುತ್ತವೆ.

ಇಟಾಲಿಕ್‌ನಿಂದ ಬೋಲ್ಡ್ ಇಟಾಲಿಕ್‌ವರೆಗಿನ ನಡುವಿನ ತೂಕಗಳನ್ನು ತಂತ್ರಾಂಶದಿಂದ ತೆಗೆಯಬೇಕಿದ್ದರೆ ಎರಡೂ ಚಿತ್ರಗಳಲ್ಲಿ ಬಿಂದುಗಳ ಸಂಖ್ಯೆ, ಕ್ರಮ, ಆರಂಭ ಬಿಂದು ಒಂದೇ ಇರಲೇಬೇಕು. ಒಂದು ಬಿಂದು ಹೆಚ್ಚಾದರೂ ಕೆಲಸ ನಿಲ್ಲುತ್ತದೆ, ಕ್ರಮ ತಪ್ಪಿದರೆ ಅಕ್ಷರ ತಿರುಚಿಕೊಳ್ಳುತ್ತದೆ.

ಕೊನೆಯ ಹಂತದಲ್ಲಿ ಹಲವರು ಎಡವುತ್ತಾರೆ. ಎಕ್ಸ್‌ಪೋರ್ಟ್ ಮಾಡುವಾಗ ನಾಲ್ಕು ಫೈಲಿಗೂ ಕುಟುಂಬದ ಹೆಸರು ಒಂದೇ ಇರಲಿ, ಬೋಲ್ಡ್ ಇಟಾಲಿಕ್ ಫೈಲಿನಲ್ಲಿ ತೂಕದ ಅಂಕಿ 700 ಇರಲಿ, ಬೋಲ್ಡ್ ಮತ್ತು ಇಟಾಲಿಕ್ ಎರಡೂ ಗುರುತುಗಳು ಆನ್ ಆಗಿರಲಿ. ಬಲಕ್ಕೆ ವಾಲಿದ ಓರೆ ಫಾಂಟ್ ಫೈಲಿನಲ್ಲಿ ಋಣ ಸಂಖ್ಯೆಯಾಗಿ, ಅಂದರೆ −12 ಎಂದು ದಾಖಲಾಗಬೇಕು. ಇಟಾಲಿಕ್ ಗುರುತು ಬಿಟ್ಟುಹೋದರೆ ವರ್ಡ್ ನಿಮ್ಮ ಓರೆ ಅಕ್ಷರವನ್ನು ನೇರ ಎಂದೇ ನಂಬಿ ಅದರ ಮೇಲೆ ಇನ್ನೊಮ್ಮೆ ಓರೆ ಹಾಕುತ್ತದೆ.

ಅಣ್ಣನ ಮದುವೆ ಕಾರ್ಡ್‌ಗೆ ವಧುವರರ ಹೆಸರನ್ನು ಇಂಗ್ಲಿಷಿನ ಬೋಲ್ಡ್ ಇಟಾಲಿಕ್‌ನಲ್ಲಿ ಚಿನ್ನದ ಫಾಯಿಲ್ ಹಾಕಿಸಿದೆವು. ಕಂಪ್ಯೂಟರ್‌ನಲ್ಲಿ ಸೊಗಸಾಗಿತ್ತು, ಸ್ಯಾಂಪಲ್‌ನಲ್ಲಿ ತೆಳು ಗೆರೆಗಳು ತುಂಡು ತುಂಡು. ಸುಲ್ತಾನ್‌ಪೇಟೆಯ ಅಂಗಡಿಯವರು ಫಾಂಟ್ ಬದಲಿಸಿ ಅನ್ನುತ್ತಾರೆ. ತಪ್ಪು ಯಾರದು?
ಓದುಗರು, ಬಸವನಗುಡಿ

ಅಂಗಡಿಯವರ ಮಾತು ಸರಿ. ಬೊಡೊನಿ, ಪ್ಲೇಫೇರ್ ಡಿಸ್‌ಪ್ಲೇ ಜಾತಿಯ ಅಕ್ಷರಗಳಲ್ಲಿ ದಪ್ಪ ಗೆರೆ ತುಂಬ ದಪ್ಪ, ತೆಳು ಗೆರೆ ಕೂದಲೆಳೆ. ಬೋಲ್ಡ್ ಅಂದ ಮಾತ್ರಕ್ಕೆ ಎಲ್ಲ ಗೆರೆಯೂ ದಪ್ಪ ಅಲ್ಲ. ಲೆಕ್ಕ ಹಾಕಿ: ತೆಳು ಗೆರೆ 1000ಕ್ಕೆ 20 ಯೂನಿಟ್ ಇದ್ದರೆ 24 ಪಾಯಿಂಟ್ ಅಕ್ಷರದಲ್ಲಿ ಅದು 0.48 ಪಾಯಿಂಟ್, ಅಂದರೆ 0.17 ಮಿ.ಮೀ. ಬಿಸಿ ಫಾಯಿಲ್ ಕಾಗದಕ್ಕೆ ಸರಿಯಾಗಿ ಹಿಡಿಯಲು ಸುಮಾರು 0.3 ಮಿ.ಮೀ. ಗೆರೆ ಬೇಕು. ಉಬ್ಬುತಗ್ಗಿನ ಕಾಗದಕ್ಕೆ ಇನ್ನೂ ಹೆಚ್ಚು. ಶಾಖ, ಒತ್ತಡ ಏರಿಸಿದರೆ ತೆಳು ಗೆರೆ ಹಿಡಿಯಬಹುದು, ಆದರೆ ಆಗ ‘ಇ’, ‘ಎ’ ಅಕ್ಷರಗಳ ಹೊಟ್ಟೆಯಲ್ಲಿ ಚಿನ್ನ ತುಂಬಿಕೊಳ್ಳುತ್ತದೆ.

ತೆಳು ಗೆರೆ 40–45 ಯೂನಿಟ್ ಇರುವ ಬೋಲ್ಡ್ ಇಟಾಲಿಕ್ ಆರಿಸಿ. 24 ಪಾಯಿಂಟ್‌ನಲ್ಲೇ 0.35 ಮಿ.ಮೀ. ಸಿಗುತ್ತದೆ. ಜಾರ್ಜಿಯಾ, ಲೋರಾ, ಮೆರಿವೆದರ್‌ನಂಥ ಓದಲು ಬಿಡಿಸಿದ ಫಾಂಟ್‌ಗಳಲ್ಲಿ ತೆಳು ಗೆರೆ ಗಟ್ಟಿಯಾಗಿರುತ್ತದೆ. ಇದೇ ಫಾಂಟ್ ಬೇಕೆಂದು ಮನೆಯವರು ಒಪ್ಪಿದ್ದರೆ ಹೆಸರನ್ನು 42 ಪಾಯಿಂಟ್‌ಗೆ ಏರಿಸಿ. ಕೋರಲ್‌ನಲ್ಲಿ ಅದೇ ಬಣ್ಣದ 0.4 ಪಾಯಿಂಟ್ ಔಟ್‌ಲೈನ್ ಕೊಡುವ ದಾರಿಯೂ ಇದೆ. 24 ಪಾಯಿಂಟ್‌ನಲ್ಲಿ ಗೆರೆ 0.31 ಮಿ.ಮೀ. ಆಗುತ್ತದೆ, ನಯವಾದ ಕಾಗದಕ್ಕೆ ಸಾಕಾದೀತು. ಬ್ಲಾಕ್‌ಗೆ ಕೊಡುವ ಮುನ್ನ ಅಕ್ಷರಗಳನ್ನು ಕರ್ವ್ಸ್‌ಗೆ, ಅಂದರೆ ಬರೀ ಗೆರೆಚಿತ್ರಕ್ಕೆ ಪರಿವರ್ತಿಸಿ. ಬ್ಲಾಕ್ ಮಾಡುವವರ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇಲ್ಲದಿದ್ದರೆ ಮತ್ತಾವುದೋ ಅಕ್ಷರ ಬಂದು ಕೂರುತ್ತದೆ. ಹೆಸರುಗಳನ್ನು ಪೂರ್ತಿ ದೊಡ್ಡಕ್ಷರಗಳಲ್ಲಿ ಬರೆಸಬೇಡಿ, ಇಟಾಲಿಕ್‌ನ ಚೆಲುವೆಲ್ಲ ಸಣ್ಣಕ್ಷರಗಳಲ್ಲಿದೆ.

ಇನ್‌ಸ್ಟಾಗ್ರಾಂನಲ್ಲಿ ಕೆಲವರ ಹೆಸರು ಬೋಲ್ಡ್ ಇಟಾಲಿಕ್ ಸೆರಿಫ್‌ನಲ್ಲಿ ಕಾಣುತ್ತದೆ. ಹಾಗೆ ಮಾಡುವ ಸೈಟ್‌ಗೆ ಕನ್ನಡ ಹಾಕಿದರೆ ಬದಲಾಗುವುದೇ ಇಲ್ಲ. ಏಕೆ?
ಕಾಲೇಜು ವಿದ್ಯಾರ್ಥಿ, ವಿಜಯನಗರ

ಅಲ್ಲಿ ಫಾಂಟ್ ಬದಲಾಗುತ್ತಿಲ್ಲ, ಅಕ್ಷರವೇ ಬದಲಾಗುತ್ತಿದೆ. ಗಣಿತ ಬರೆಯುವವರಿಗಾಗಿ ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಕಂಪ್ಯೂಟರ್ ಸಂಕೇತ ಕೊಡುವ ಮಾನಕ) 2001ರಲ್ಲಿ ವಿಶೇಷ ಇಂಗ್ಲಿಷ್ ಅಕ್ಷರಗಳ ವಿಭಾಗವೊಂದನ್ನು ಸೇರಿಸಿತು. ಬೋಲ್ಡ್ ಇಟಾಲಿಕ್‌ನ 52 ಅಕ್ಷರಗಳೂ ಅದರಲ್ಲಿವೆ. ಆ ಸೈಟ್‌ಗಳು ನಿಮ್ಮ ಅಕ್ಷರವನ್ನು ತೆಗೆದು ಈ ಗಣಿತ ಚಿಹ್ನೆಯನ್ನು ಇಡುತ್ತವೆ. ಕನ್ನಡಕ್ಕೆ ಅಂಥ ಚಿಹ್ನೆಗಳಿಲ್ಲ, ಬೋಲ್ಡ್ ಇಟಾಲಿಕ್ ಅಂಕಿಗಳೂ ಅಲ್ಲಿಲ್ಲ. ಅದಕ್ಕೇ ಫೋನ್ ನಂಬರ್ ಬರೀ ಬೋಲ್ಡ್ ಆಗಿಯೋ ಮಾಮೂಲಿಯಾಗಿಯೋ ಉಳಿಯುತ್ತದೆ.

ಅಂಗಡಿಯ ಹೆಸರಿಗೆ, ಕಾರ್ಯಕ್ರಮದ ವಿವರಕ್ಕೆ ಇದನ್ನು ದಯವಿಟ್ಟು ಬಳಸಬೇಡಿ. ಕಣ್ಣು ಕಾಣದವರ ಫೋನಿನ ಸ್ಕ್ರೀನ್ ರೀಡರ್ ಇದನ್ನು ಪದವಾಗಿ ಓದದೆ, ಒಂದೊಂದನ್ನೂ ಗಣಿತ ಚಿಹ್ನೆಯ ಹೆಸರಾಗಿ ಒಪ್ಪಿಸಬಹುದು ಅಥವಾ ಬಿಟ್ಟೇಬಿಡಬಹುದು. ಹುಡುಕಿದರೆ ಹಲವು ಕಡೆ ಹೆಸರು ಸಿಗುವುದಿಲ್ಲ. ಹಳೆಯ ಫೋನಿನಲ್ಲಿ ಖಾಲಿ ಚೌಕ ಕಾಣುತ್ತದೆ.

ಜೀವಶಾಸ್ತ್ರದ ಟಿಪ್ಪಣಿಯಲ್ಲಿ ಶೀರ್ಷಿಕೆ ಬೋಲ್ಡ್ ಇದ್ದಾಗ ವೈಜ್ಞಾನಿಕ ಹೆಸರು ಹೇಗಿರಬೇಕು?
ಉಪನ್ಯಾಸಕಿ, ರಾಜಾಜಿನಗರ

ಬೋಲ್ಡ್ ಇಟಾಲಿಕ್. ಶ್ರೀಗಂಧದ ಹೆಸರು ಸ್ಯಾಂಟಲಂ ಆಲ್ಬಂ ಅನ್ನು ರೋಮನ್ ಲಿಪಿಯಲ್ಲಿ ಬರೆದರೆ ಎರಡೂ ಪದ ಇಟಾಲಿಕ್ ಆಗಿರಬೇಕು, ಸುತ್ತಲಿನ ಸಾಲು ದಪ್ಪವಾಗಿದ್ದರೆ ದಪ್ಪ ಇಟಾಲಿಕ್. ಕನ್ನಡ ಲಿಪಿಯಲ್ಲಿ ಬರೆದಾಗ ಓರೆ ಮಾಡದೆ ಉದ್ಧರಣ ಚಿಹ್ನೆ ಹಾಕಿದರೆ ಸಾಕು. ಭೌತಶಾಸ್ತ್ರದ ಸಹೋದ್ಯೋಗಿಗಳಿಗೂ ಹೇಳಿ: ಐಎಸ್‌ಒ 80000-2 ಎಂಬ ಅಂತರರಾಷ್ಟ್ರೀಯ ಮಾನಕದ ಪ್ರಕಾರ ಸದಿಶಗಳ (ವೆಕ್ಟರ್) ಚಿಹ್ನೆ ಬೋಲ್ಡ್ ಇಟಾಲಿಕ್. ಗಣಿತದ ಪುಟ ಕಟ್ಟುವ ಲೇಟೆಕ್‌ನಲ್ಲಿ ಮ್ಯಾಥ್‌ಬಿಎಫ್ ಆಜ್ಞೆ ನೇರ ಬೋಲ್ಡ್ ಕೊಡುತ್ತದೆ, ಓರೆ ಬೇಕಿದ್ದರೆ ಬಿಎಂ ಪ್ಯಾಕೇಜ್ ಹಾಕಿಕೊಳ್ಳಬೇಕು.

ನಮ್ಮ ವೆಬ್‌ಸೈಟ್‌ನ ಶೀರ್ಷಿಕೆ ಕೆಲವು ಫೋನ್‌ಗಳಲ್ಲಿ ಕಲಸಿದಂತೆ ಕಾಣುತ್ತದೆ.
ವೆಬ್ ಡೆವಲಪರ್, ವೈಟ್‌ಫೀಲ್ಡ್

ನೀವು ರೆಗ್ಯುಲರ್ ಮತ್ತು ಬೋಲ್ಡ್ ಫೈಲ್ ಮಾತ್ರ ಲೋಡ್ ಮಾಡಿ, ಶೈಲಿಯಲ್ಲಿ ಇಟಾಲಿಕ್ ಕೇಳಿರುವ ಸಾಧ್ಯತೆ ಹೆಚ್ಚು. ಫಾಂಟ್-ಫೇಸ್ ನಿಯಮದಲ್ಲಿ ತೂಕ 700, ಶೈಲಿ ಇಟಾಲಿಕ್ ಎಂದು ಬೋಲ್ಡ್ ಇಟಾಲಿಕ್ ಫೈಲನ್ನು ಬೇರೆಯಾಗಿ ಘೋಷಿಸಿ. ಕನ್ನಡ ಭಾಗಕ್ಕೆ ಫಾಂಟ್-ಸಿಂಥೆಸಿಸ್ ಗುಣವನ್ನು ‘ನನ್’ ಎಂದು ಇಡಿ. ಆಗ ಬ್ರೌಸರ್ ನಕಲಿ ದಪ್ಪ, ನಕಲಿ ಓರೆ ಎರಡನ್ನೂ ಹಾಕುವುದಿಲ್ಲ.

ಗಾಂಧಿ ಬಜಾರ್‌ನಲ್ಲಿ ಅಂಗಡಿ ಇಡುತ್ತಿದ್ದೇವೆ. ಲೋಗೋದ ಇಂಗ್ಲಿಷ್ ಹೆಸರು ಬೋಲ್ಡ್ ಇಟಾಲಿಕ್ ಸೆರಿಫ್. ಬೋರ್ಡ್‌ನ ಕನ್ನಡವನ್ನೂ ಹಾಗೇ ಓರೆ ಮಾಡಿಸಬೇಕೇ? ಒಳಗೆ ಎಲ್‌ಇಡಿ ಬೇಕು.
ವ್ಯಾಪಾರಿ, ಬನಶಂಕರಿ

ಬೇಡ. ಓರೆಯನ್ನು ಹೊಂದಿಸುವ ಬದಲು ದಪ್ಪವನ್ನು ಹೊಂದಿಸಿ. ಇಂಗ್ಲಿಷ್ ಕಂಬದ ಅಗಲ 40 ಮಿ.ಮೀ. ಇದ್ದರೆ ಕನ್ನಡದ ದಪ್ಪ ಗೆರೆಯೂ ಅಷ್ಟೇ ಬರುವ ತೂಕ ಆರಿಸಿ, ಅವೆರಡೂ ಒಂದೇ ಮನೆಯವು ಎಂದು ಕಣ್ಣು ಒಪ್ಪುತ್ತದೆ. ಹೇಗೂ ಕಾನೂನಿನ ಪ್ರಕಾರ ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕು, ಆದ್ದರಿಂದ ಬೋರ್ಡ್‌ನ ವಿನ್ಯಾಸವನ್ನು ಕನ್ನಡದಿಂದಲೇ ಶುರು ಮಾಡಿಸಿ, ಇಂಗ್ಲಿಷನ್ನು ಉಳಿದ ಜಾಗಕ್ಕೆ ಕೂರಿಸಿ.

ಆರಾಮವಾಗಿ ಓದಲು 10 ಅಡಿ ದೂರಕ್ಕೆ 1 ಇಂಚು ಅಕ್ಷರ ಬೇಕು ಎಂಬುದು ಬೋರ್ಡ್‌ನವರ ಅಂದಾಜು. ಎದುರು ಫುಟ್‌ಪಾತ್ 50 ಅಡಿ ದೂರದಲ್ಲಿದ್ದರೆ 5 ಇಂಚು. ಕನ್ನಡದಲ್ಲಿ ಈ 5 ಇಂಚು ಮೂಲಾಕ್ಷರದ ಎತ್ತರ. ಗುಡಿಸು, ಒತ್ತು ಸೇರಿದರೆ ಸಾಲಿಗೆ ಹೆಚ್ಚುಕಡಿಮೆ ದುಪ್ಪಟ್ಟು ಎತ್ತರ ಬಿಡಬೇಕು.

ಎಲ್‌ಇಡಿ ವಿಷಯಕ್ಕೆ ಬಂದರೆ, ಬಾಕ್ಸ್ ಅಕ್ಷರದ ಎರಡು ಗೋಡೆಗಳ ನಡುವೆ ಮಾಡ್ಯೂಲ್ ಕೂರುವಷ್ಟು ಜಾಗ ಬೇಕು. 300 ಮಿ.ಮೀ. ಎತ್ತರದ ದೊಡ್ಡಕ್ಷರದಲ್ಲಿ 25 ಯೂನಿಟ್‌ನ ತೆಳು ಗೆರೆ 11 ಮಿ.ಮೀ.ಗಿಂತ ಕಡಿಮೆ ಬರುತ್ತದೆ. ಅಲ್ಲಿ ದೀಪ ಕೂರದು, ರಾತ್ರಿ ಅಕ್ಷರದ ಅರ್ಧ ಕತ್ತಲಾಗುತ್ತದೆ. ತೆಳು ಗೆರೆಗಳನ್ನು ಕನಿಷ್ಠ 25 ಮಿ.ಮೀ.ಗೆ ದಪ್ಪ ಮಾಡಿಸಿ, ಅಥವಾ ಬೆಳಕನ್ನು ಅಕ್ಷರದ ಹಿಂದಿನಿಂದ ಗೋಡೆಗೆ ಬೀಳುವಂತೆ ಕೊಡಿಸಿ. 3 ಮಿ.ಮೀ. ರೂಟರ್ ಬಿಟ್ (ಅಕ್ಷರ ಕತ್ತರಿಸುವ ಯಂತ್ರದ ತಿರುಗುವ ಅಲಗು) ಒಳಮೂಲೆಯನ್ನು ಚೂಪಾಗಿ ಕೊರೆಯಲಾರದು, 1.5 ಮಿ.ಮೀ. ದುಂಡಗೆ ಬಿಡುತ್ತದೆ. ಸೆರಿಫ್ ಕಂಬಕ್ಕೆ ಸೇರುವ ಕಡೆ ಅಷ್ಟು ದುಂಡನ್ನು ಮೊದಲೇ ಬಿಡಿಸಿಕೊಟ್ಟರೆ ಎಲ್ಲ ಅಕ್ಷರವೂ ಒಂದೇ ಸಮ ಬರುತ್ತದೆ. ಬೋರ್ಡ್‌ನ ಅಗಲ ಅಳೆಯುವಾಗ ಓರೆಯನ್ನೂ ಲೆಕ್ಕಕ್ಕೆ ಹಿಡಿಯಿರಿ: 300 ಮಿ.ಮೀ. ಎತ್ತರಕ್ಕೆ 12 ಡಿಗ್ರಿಯಲ್ಲಿ ಕೊನೆಯ ಅಕ್ಷರದ ತಲೆ 64 ಮಿ.ಮೀ. ಬಲಕ್ಕೆ ಚಾಚಿರುತ್ತದೆ.